ಪಕ್ಕದ ಮನೆಯ ಮಾಜಿ ಪ್ರಧಾನಿ

ಅಮೆರಿಕದ ಸೌತ್‌ಫೀಲ್ಡಿನ ನಮ್ಮ ಹಿತ್ತಿಲ ಬೇಲಿಯಾಚೆ ದಂಟಿನ ಸೊಪ್ಪು ಸೊಂಪಾಗಿ ಬೆಳೆದು ನಿಂತದ್ದನ್ನು ಮೊದಲು ಕಂಡವಳು ಮೈಸೂರಿನಿಂದ ಬಂದಿದ್ದ ನನ್ನಮ್ಮ. ಸೊಪ್ಪಿಗೂ ಸ್ನೇಹಕ್ಕೂ ಪಾಸ್‌ಪೋರ್ಟಿನ ಹಂಗಿಲ್ಲವೆಂಬುದು ನಿಮಗೂ ಗೊತ್ತಿರಬಹುದು. ವಾರದೊಳಗೆ ಅಮ್ಮ, ಅದನ್ನು ಬೆಳೆದ ವೃದ್ಧೆಯ ಜೊತೆ ಬೇಲಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂರತೊಡಗಿದಳು. ಕೆರಿಬಿಯನ್ ಕಡಲಿನ ಪುಟ್ಟ ದ್ವೀಪವೊಂದರಿಂದ ಮಗಳ ಮನೆಗೆ ಬಂದಿದ್ದ ಆಕೆಯ ಹೆಸರು ಐರಿಸ್. ಅಮ್ಮನ ಇಂಗ್ಲಿಷ್ ಸಾಲದಾದಾಗ ನಾನೇ ದುಭಾಷಿ.

ಒಂದು ಸಂಜೆ ಅಮ್ಮ, “ಇವ್ರ ಯಜಮಾನ್ರು ಯಾವ ಕೆಲಸದಲ್ಲಿದ್ರು ಅಂತ ಕೇಳೇ,” ಎಂದಳು.

“ಬಸ್ ಡ್ರೈವರ್ ಆಗಿದ್ರು,” ಎಂದರು ಐರಿಸ್. “ನಾನು ಪ್ರಧಾನಿಯಾಗಿದ್ದೆ.”

ಕನ್ನಡದಲ್ಲಿ ಹೇಳಿದೆ. ಅಮ್ಮ ನನ್ನನ್ನೇ ಗದರಿದಳು: “ಸರಿಯಾಗಿ ಕೇಳಿಸ್ಕೊಂಡು ಹೇಳೇ!”

ಸರಿಯಾಗಿಯೇ ಕೇಳಿಸಿಕೊಂಡಿದ್ದೆ. ಆ ಬೇಸಿಗೆಯ ಸಂಜೆಗಳಲ್ಲಿ ಅವರ ಬದುಕು ಮೆಲ್ಲಗೆ ಬೇಲಿ ದಾಟಿ ನಮ್ಮತ್ತ ಬಂತು. ಬೆಸ್ತರ ಮಗಳು, ಓದಿ ಟೀಚರ್ ಆದವರು, ಸೋರುವ ಶಾಲೆಗೊಂದು ಚಾವಣಿ ಬೇಕೆಂದು ಮಂತ್ರಿಗಳ ಬಾಗಿಲು ತಟ್ಟಿ ಬೇಸತ್ತು, ಕೊನೆಗೆ ತಾವೇ ಚುನಾವಣೆಗೆ ನಿಂತವರು. ಪ್ರಧಾನಿಯಾಗಿದ್ದಾಗ ಚಂಡಮಾರುತ ದ್ವೀಪದ ಸೂರುಗಳನ್ನೆಲ್ಲ ಹಾರಿಸಿಕೊಂಡು ಹೋಯಿತು. ಊರಿನ ಕೊನೆಯ ಮನೆಗೆ ತಗಡು ಬೀಳುವವರೆಗೂ ತಮ್ಮ ನಿವಾಸಕ್ಕೆ ಟಾರ್ಪಾಲನ್ನೇ ಹೊದಿಸಿಕೊಂಡಿದ್ದರಂತೆ. ಬೆಸ್ತರ ಕಡಲತೀರವನ್ನು ಹೋಟೆಲಿನವರಿಗೆ ಬಿಟ್ಟುಕೊಡಲೊಪ್ಪದೆ ಮುಂದಿನ ಚುನಾವಣೆಯಲ್ಲಿ ಸೋತರು. ಹೋಟೆಲು ಬಂದರೆ ಕೆಲಸ ಸಿಕ್ಕೀತೆಂಬ ಆಸೆಗೆ ಬೆಸ್ತರ ಮಕ್ಕಳೇ ಎದುರಾಳಿಗೆ ಮತ ಹಾಕಿದ್ದರು. ಹೊಸಬರಿಗೆ ಬೀಗದ ಕೈ ಒಪ್ಪಿಸಿ, ಗಂಡ ಓಡಿಸುತ್ತಿದ್ದ ಬಸ್ಸಿನಲ್ಲೇ ಕೂತು ತಮ್ಮ ಹಳ್ಳಿಗೆ ಮರಳಿದರು.

ಡಿಯರ್‌ಬಾರ್ನಿನ ನಮ್ಮ ಆಫೀಸಿನಲ್ಲಿ ಕಿಟಕಿ ಪಕ್ಕದ ಮೇಜು ಕೈತಪ್ಪಿತೆಂದು ತಿಂಗಳುಗಟ್ಟಲೆ ಮುಖ ಗಂಟಿಕ್ಕಿಕೊಂಡು ಓಡಾಡುವವರನ್ನು ಕಂಡ ನನಗೆ, ಒಂದು ದೇಶವೇ ಕೈತಪ್ಪಿದ ಮೇಲೂ ಇಷ್ಟು ತಿಳಿಯಾಗಿ ನಗುವವರನ್ನು ಕಂಡು ಸೋಜಿಗವಾಗುತ್ತಿತ್ತು. ಅಧಿಕಾರವನ್ನು ಅವರು ಎಂದೂ ಆಭರಣದಂತೆ ತೊಟ್ಟಿರಲಿಲ್ಲ. ಕಳಚಿದಾಗ ಬರಿದಾಗದಿದ್ದುದು ಅದಕ್ಕೇ ಇರಬೇಕು.

ಸೆಪ್ಟೆಂಬರಿನಲ್ಲಿ ದ್ವೀಪಕ್ಕೆ ಮತ್ತೊಂದು ಚಂಡಮಾರುತ ಬಡಿಯಿತು. ಅವರನ್ನು ಸೋಲಿಸಿದ್ದ ಈಗಿನ ಪ್ರಧಾನಿಯೇ ಫೋನ್ ಮಾಡಿ, ನಿರಾಶ್ರಿತರ ಶಿಬಿರಗಳನ್ನು ನೋಡಿಕೊಳ್ಳಲು ಬರುವಿರಾ ಎಂದು ಕೇಳಿದ. ಮೊಣಕಾಲಿನ ಆಪರೇಷನ್ ಆಗಿ ಇನ್ನೂ ಕೋಲು ಹಿಡಿದು ನಡೆಯುತ್ತಿದ್ದ ತಾಯಿಯನ್ನು ಕಳಿಸಲಾರೆನೆಂದು ಮಗಳು ಅತ್ತಳು. ನನ್ನಮ್ಮನಿಗೋ ಸಿಟ್ಟು ಬಂತು.

“ಸೋಲಿಸಿದೋನಿಗೆ ಯಾಕ್ರೀ ಸಹಾಯ ಮಾಡ್ತೀರ?”

ಐರಿಸ್ ನಕ್ಕರು. “ಅವನು ನನ್ನ ಕ್ಲಾಸಲ್ಲಿ ಓದಿದ ಹುಡುಗ. ಗೊತ್ತಾಗದಿದ್ರೂ ಕೈ ಎತ್ತಿ ಕೇಳ್ತಾನೇ ಇರ್ಲಿಲ್ಲ. ಈಗ ಮೊದಲನೇ ಸಲ ಕೇಳಿದಾನೆ. ಹೋಗದೆ ಇರೋಕಾಗತ್ತಾ?”

ಏರ್‌ಪೋರ್ಟಿಗೆ ನಾನೇ ಡ್ರೈವ್ ಮಾಡಿದೆ. ದಾರಿಯುದ್ದಕ್ಕೂ ಅಮ್ಮ ಹಿಂದಿನ ಸೀಟಿನಲ್ಲಿ ಅವರ ಕೈ ಹಿಡಿದೇ ಕೂತಿದ್ದಳು.

ಶಿಬಿರಗಳೆಲ್ಲ ಖಾಲಿಯಾದ ಮೇಲೂ ಅವರು ಹಿಂತಿರುಗಲಿಲ್ಲ. ಅಮ್ಮನ ಒತ್ತಾಯಕ್ಕೆ ಸ್ಪೀಕರ್ ಹಾಕಿ ಫೋನ್ ಮಾಡಿದರೆ, ಹಳ್ಳಿಯ ಶಾಲೆಗೆ ಟೀಚರ್ ಇಲ್ಲದ್ದರಿಂದ ಉಳಿದಿದ್ದೇನೆ ಎಂದರು. ಅಷ್ಟರಲ್ಲಿ ಅತ್ತ ಯಾವುದೋ ಮಗು ಏನೋ ಕೇಳಿತು. ಐರಿಸ್ ಫೋನನ್ನು ಮೇಜಿನ ಮೇಲಿಟ್ಟು ಹೇಳಿಕೊಡತೊಡಗಿದರು. ಕಟ್ ಮಾಡಲೆಂದು ನಾನು ಕೈ ಚಾಚಿದರೆ ಅಮ್ಮ ತಡೆದಳು.

“ಶ್! ಪಾಠ ಮಾಡ್ತಿದಾರೆ ಕಣೇ.”

ಅರ್ಧವೂ ಅರ್ಥವಾಗದ ಆ ಪಾಠವನ್ನು ಅಮ್ಮ, ನೆಟ್ಟಗೆ ಕೂತು, ಮುಗಿಯುವವರೆಗೂ ಕೇಳಿದಳು.