ಮ್ಯೂ ಬರೆಯುವ ಎರಡು ದಾರಿ

ನನಗೆ ಗ್ರೀಕ್ ಬರುತ್ತದೆ ಎಂದು ಹೆಬ್ಬಾಳದ ಆಸುಪಾಸಿನಲ್ಲಿ ಕೆಲವರು ಬಹಳ ದಿನ ನಂಬಿದ್ದರು. ಇಲ್ಲ ಎನ್ನುವ ಗೋಜಿಗೆ ನಾನೂ ಹೋಗಲಿಲ್ಲ. ನನಗೆ ಬರುತ್ತಿದ್ದದ್ದು ಇಷ್ಟೇ: ಇಂಗ್ಲಿಷಿನ ಎ ಹೊಡೆದು, ಅದನ್ನು ಸೆಲೆಕ್ಟ್ ಮಾಡಿ, ಕಂಟ್ರೋಲ್, ಶಿಫ್ಟ್, ಕ್ಯೂ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ಆಲ್ಫಾ ಆಗುತ್ತದೆ. ಬಿ ಹೊಡೆದು ಹಾಗೆ ಮಾಡಿದರೆ ಬೀಟಾ. ಎಮ್ ಹೊಡೆದರೆ ಮ್ಯೂ, ಎಡಗಡೆ ಬಾಲ ಇಳಿಬಿಟ್ಟ ಯು ಅಕ್ಷರದ ಹಾಗೆ ಇರುತ್ತದಲ್ಲ, ಅದು. ಕ್ಯೂ ಹೊಡೆದರೆ ಮಾತ್ರ ಥೀಟಾ ಯಾಕೆ ಬರುತ್ತದೆಂದು ನನಗೂ ಗೊತ್ತಿರಲಿಲ್ಲ. ಕೇಳಿದವರಿಗೆ "ಗ್ರೀಕರು ಹಾಗೇನೇ" ಎಂದು ಹೇಳಿ ಮುಗಿಸುತ್ತಿದ್ದೆ. ಗ್ರೀಕರು ಬಂದು ವಿಚಾರಿಸುವ ಸಂಭವ ಗಂಗಾನಗರದಲ್ಲಿ ಕಡಿಮೆ.

ಎರಡು ಸಾವಿರದ ಹತ್ತು, ಹನ್ನೊಂದರ ಮಾತು. ಗಂಗಾನಗರದ ಒಂದು ಡಿಟಿಪಿ ಅಂಗಡಿಯಲ್ಲಿ ನಾನು ಟೈಪಿಂಗ್ ಮಾಡುತ್ತಿದ್ದೆ. ಹೆಬ್ಬಾಳದ ಕಡೆಯ ಕಾಲೇಜುಗಳಲ್ಲಿ ದನ, ಕುರಿ, ಕೋಳಿ, ರಾಗಿಗಳ ಮೇಲೆ ಸಂಶೋಧನೆ ಮಾಡುವವರೆಲ್ಲ ಕೊನೆಗೆ ನಮ್ಮ ಅಂಗಡಿಯ ಮೆಟ್ಟಿಲು ಹತ್ತಲೇಬೇಕಿತ್ತು. ಅವರ ಕೈಬರಹ ಓದಬಲ್ಲವರು ನಾವು ಮಾತ್ರ. ಆ ಸಾಲಿನಲ್ಲಿ ಇನ್ನೂ ಮೂರು ಡಿಟಿಪಿ ಅಂಗಡಿಗಳಿದ್ದವು. ಅಲ್ಲೆಲ್ಲ ಗ್ರೀಕ್ ಅಕ್ಷರ ಬರುವ ಕಡೆ ಖಾಲಿ ಜಾಗ ಬಿಟ್ಟು, ಪ್ರಿಂಟ್ ಆದ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳಿ ಎನ್ನುತ್ತಿದ್ದರು. ಹೀಗಾಗಿ ಹಾಳೂರಿಗೆ ಉಳಿದವನೇ ಗೌಡ ಎನ್ನುವಂತೆ ನಾನು ಗ್ರೀಕ್ ಪಂಡಿತೆಯಾದೆ.

ನಮ್ಮ ಮಾಲೀಕರು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ಕಾರ್ಖಾನೆ ಅವರನ್ನು ಬಿಟ್ಟಿದ್ದರೂ ಅವರು ಕಾರ್ಖಾನೆಯನ್ನು ಬಿಟ್ಟಿರಲಿಲ್ಲ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್ ಇದ್ದ ಆ ಕೋಣೆಗೆ 'ಶಾಪ್ ಫ್ಲೋರ್' ಎನ್ನುತ್ತಿದ್ದರು. ಪ್ರತಿ ಕೆಲಸಕ್ಕೂ ಒಂದು ಜಾಬ್ ಸ್ಲಿಪ್, ಅದರಲ್ಲಿ ಯಾವ ಅಧ್ಯಾಯ ಯಾರು ಮಾಡಿದ್ದು ಎಂದು ಸಹಿ. ಅವರಿಗೆ ಟೈಪಿಂಗ್ ಬರುತ್ತಿರಲಿಲ್ಲ. ಒಂದೇ ಬೆರಳಿನಲ್ಲಿ ತಮ್ಮ ಹೆಸರು ಹೊಡೆಯುವಷ್ಟರಲ್ಲಿ ಕಾಫಿ ಆರುತ್ತಿತ್ತು. ಆದರೆ ಟೈಪಿಂಗ್ ಹೇಗೆ ಮಾಡಬೇಕೆಂದು ದಿನಕ್ಕೆರಡು ಸಲ ನಮಗೆ ಹೇಳಿಕೊಡುತ್ತಿದ್ದರು.

ಗದಗಿನ ಕಡೆಯ ಆ ಹುಡುಗಿ ಬಂದದ್ದು ಈ ಶಾಪ್ ಫ್ಲೋರಿಗೆ. ಮದುವೆಯಾಗಿ ಆರು ತಿಂಗಳಾಗಿತ್ತು. ಗಂಡನಿಗೆ ಯಶವಂತಪುರದಲ್ಲಿ ಕೆಲಸ. ಸೀನಿಯರ್ ಗ್ರೇಡ್ ಟೈಪಿಂಗ್ ಪಾಸು. ಅವಳು ಕೀಬೋರ್ಡನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ಕೈಬರಹದ ಮೇಲೆ, ಕೈ ತನ್ನ ಪಾಡಿಗೆ ತಾನು. ನಾನು ಒಂದು ಪುಟ ಮುಗಿಸುವಷ್ಟರಲ್ಲಿ ಅವಳದು ಎರಡಾಗುತ್ತಿತ್ತು. ಇಂಥವರನ್ನು ಕಂಡರೆ ನನಗೆ ಪ್ರೀತಿ ಉಕ್ಕುವುದಿಲ್ಲ.

ಅವಳು ಬಂದ ಎರಡನೇ ತಿಂಗಳಿಗೆ ಮಾಲೀಕರು ಇಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದರು. "ಯಲಹಂಕ ನ್ಯೂ ಟೌನಲ್ಲಿ ಇನ್ನೊಂದು ಯೂನಿಟ್ ಓಪನ್ ಮಾಡ್ತಿದ್ದೀನಿ. ನಿಮ್ಮಿಬ್ಬರಲ್ಲಿ ಒಬ್ಬರು ಅಲ್ಲಿಗೆ ಇನ್‌ಚಾರ್ಜ್. ಯಾರು ಅಂತ ಕೆಲಸ ನೋಡಿ ಹೇಳ್ತೀನಿ."

ನನಗೆ ಆ ಇನ್‌ಚಾರ್ಜ್ ಕುರ್ಚಿ ಬೇಕಾಗಿತ್ತು. ಬೇಕಾಗಿತ್ತು ಎಂದರೆ ಸಾಲದು, ಅನ್ನ ಇಳಿಯದಷ್ಟು ಬೇಕಾಗಿತ್ತು. ನಮ್ಮ ಮನೆ ಬ್ಯಾಟರಾಯನಪುರ. ಬೆಳಿಗ್ಗೆ ಇಡೀ ಊರೇ ಹೆಬ್ಬಾಳದ ಫ್ಲೈಓವರ್ ಕಡೆ ನುಗ್ಗುವಾಗ ನಾನೂ ಬಸ್ಸಿನೊಳಗೆ ಒಂಟಿಕಾಲಲ್ಲಿ ನಿಂತು ಹೋಗುತ್ತಿದ್ದೆ. ಯಲಹಂಕ ಅದಕ್ಕೆ ತದ್ವಿರುದ್ಧ ದಿಕ್ಕು, ಬಸ್ಸೆಲ್ಲ ಖಾಲಿ. ಅದಕ್ಕಿಂತ ದೊಡ್ಡ ಕಾರಣ ನಮ್ಮ ನೆಂಟರು. ಮದುವೆ ಮುಂಜಿಗಳಲ್ಲಿ ನಮ್ಮ ದೊಡ್ಡಮ್ಮ ನನ್ನನ್ನು ಪರಿಚಯ ಮಾಡಿಕೊಡುತ್ತಿದ್ದ ರೀತಿ ಇದು: "ಇವಳಾ, ಅದೇ ಅಲ್ಲೆಲ್ಲೋ ಇಂಗೆ ಟೈಪ್ ಹೊಡ್ಕೊಂಡು ಕುಂತವ್ಳೆ." ಹೇಳುತ್ತಾ ಹತ್ತೂ ಬೆರಳನ್ನು ಗಾಳಿಯಲ್ಲಿ ಆಡಿಸಿ ತೋರಿಸುತ್ತಿದ್ದರು. ಇನ್‌ಚಾರ್ಜ್ ಆದರೆ ಆ ಬೆರಳುಗಳನ್ನು ಅವರು ಎಲ್ಲಿಟ್ಟುಕೊಳ್ಳುತ್ತಾರೆಂದು ನೋಡಬೇಕಿತ್ತು.

ಅವಳ ಬಳಿ ವೇಗವಿತ್ತು, ನನ್ನ ಬಳಿ ಗ್ರೀಕ್ ಇತ್ತು. ಅದೊಂದನ್ನು ಕಾಪಾಡಿಕೊಂಡರೆ ಸಾಕು ಎಂದು ಲೆಕ್ಕ ಹಾಕಿದೆ. ಆ ವಾರವೇ ಅವಳು ಕೇಳಿಯೂ ಬಿಟ್ಟಳು.

"ಅಕ್ಕಾ, ಈ ಮ್ಯೂ ಹೆಂಗ ಹೊಡೀತೀರಿ? ನನಗೂ ಒಂಚೂರು ಹೇಳಿಕೊಡ್ರಿ."

ಸುಳ್ಳು ಹೇಳಲಿಲ್ಲ. ಸುಳ್ಳು ಹೇಳುವುದು ಪಾಪ. "ಮೇಲೆ ಇನ್ಸರ್ಟ್ ಅಂತ ಇದೆ ನೋಡಮ್ಮ. ಅದರೊಳಗೆ ಸಿಂಬಲ್ ಅಂತ ಇರುತ್ತೆ. ಒತ್ತಿದ್ರೆ ದೊಡ್ಡ ಚೌಕ ತೆರ್ಕೊಳ್ಳುತ್ತೆ, ಪ್ರಪಂಚದಲ್ಲಿರೋ ಚಿಹ್ನೆ ಎಲ್ಲಾ ಅದರಲ್ಲಿರುತ್ತೆ. ಹುಡುಕಿ, ಒತ್ತಿ, ಮುಚ್ಚು. ಅಷ್ಟೇ."

"ಪ್ರತಿಯೊಂದಕ್ಕೂ ಹಂಗ ಮಾಡಬೇಕೇನ್ರಿ?"

"ಪ್ರತಿಯೊಂದಕ್ಕೂ," ಎಂದೆ ಬಹಳ ಕನಿಕರದಿಂದ. "ಏನ್ಮಾಡೋದು, ಗ್ರೀಕ್ ಅಂದ್ರೆ ಸುಮ್ನೇನಾ?"

ಅಂದಿನಿಂದ ಒಂದೊಂದು ಮ್ಯೂಗೂ ಅವಳು ಮೌಸ್ ಹಿಡಿದು ಆ ಚೌಕದೊಳಗೆ ಇಳಿದು ಹತ್ತಿ ಮಾಡುತ್ತಿದ್ದಳು. ಅವಳ ವೇಗವೆಲ್ಲ ಅಲ್ಲಿ ಇಂಗಿಹೋಗುತ್ತಿತ್ತು. ಅವಳು ನನ್ನ ಹಿಂದೆ ಹಾದುಹೋಗುವಾಗ, ಪರೀಕ್ಷೆಯಲ್ಲಿ ಉತ್ತರಪತ್ರಿಕೆಗೆ ಕೈ ಅಡ್ಡ ಹಿಡಿಯುವ ಹುಡುಗಿಯ ಹಾಗೆ ನಾನು ಕೀಬೋರ್ಡಿಗೆ ನೋಟ್‌ಬುಕ್ ಅಡ್ಡ ಇಡುತ್ತಿದ್ದೆ. ವಯಸ್ಸು ಇಪ್ಪತ್ತೊಂಬತ್ತು. ಹೇಳಿಕೊಳ್ಳಲು ಹೆಮ್ಮೆಯಾಗುತ್ತದೆ.

ಅಷ್ಟರಲ್ಲಿ ಆಡುಗಳ ಥೀಸಿಸ್ ಬಂತು. ಪಶುವೈದ್ಯ ಓದುತ್ತಿದ್ದ ಒಬ್ಬ ವಿದ್ಯಾರ್ಥಿ ಆಡುಗಳ ಜಂತುಹುಳುವಿಗೆ ಕೊಡುವ ಮದ್ದಿನ ಮೇಲೆ ಎರಡು ವರ್ಷ ಕೆಲಸ ಮಾಡಿದ್ದ. ಆರು ಅಧ್ಯಾಯ, ಪುಟಪುಟಕ್ಕೂ ಮ್ಯೂ. ಅವನ ಮದ್ದನ್ನೆಲ್ಲ ಮೈಕ್ರೋಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ, ಮೈಕ್ರೋ ಎಂಬುದಕ್ಕೆ ಮ್ಯೂ ಬರೆದು ಪಕ್ಕದಲ್ಲಿ ಜಿ ಬರೆಯುತ್ತಾರೆ. ಮಾಲೀಕರು ಕೈಬರಹದ ಕಟ್ಟನ್ನು ತೂಗಿ ನೋಡಿ, "ಇದು ಚೆನ್ನಾಗಾದ್ರೆ ಇಡೀ ಹಾಸ್ಟೆಲ್ ನಮ್ಮ ಹತ್ರ ಬರುತ್ತೆ. ಇದು ಮುಗೀಲಿ, ಯಲಹಂಕದ ವಿಷಯ ಹೇಳ್ತೀನಿ" ಎಂದರು. ನಾಲ್ಕು ಅಧ್ಯಾಯ ನಾನು ತೆಗೆದುಕೊಂಡೆ. ಉಳಿದೆರಡು ಅವಳಿಗೆ ಕೊಟ್ಟೆ. ನನ್ನ ನಾಲ್ಕು ಮುಗಿದ ಎರಡು ದಿನಕ್ಕೆ ಅವಳ ಎರಡು ಮುಗಿದವು. ಮಾಲೀಕರಿಗೆ ಕೇಳಿಸುವಂತೆ, "ಪರವಾಗಿಲ್ಲ ಬಿಡಮ್ಮ, ನಿಧಾನಕ್ಕೆ ಅಭ್ಯಾಸ ಆಗುತ್ತೆ" ಎಂದೆ.

ಶನಿವಾರ ಆ ವಿದ್ಯಾರ್ಥಿ ಓಡಿಬಂದ. ಅಕ್ಷರದ ಶೈಲಿ ಅವನ ಗೈಡಿಗೆ ಹಿಡಿಸಲಿಲ್ಲವಂತೆ. ಇಡೀ ಥೀಸಿಸ್ಸಿನ ಫಾಂಟ್ ಬದಲಾಯಿಸಬೇಕಂತೆ, ಅದೂ ಆಗಲೇ. "ಆಗುತ್ತಾ ಮೇಡಂ?" ಎಂದು ಕೇಳಿದ. ಇಂಥ ಪ್ರಶ್ನೆಗೇ ನಾನು ಕಾಯುತ್ತಿದ್ದದ್ದು. ಮಾಲೀಕರು ನೋಡುತ್ತಿರುವಾಗಲೇ ಕಂಟ್ರೋಲ್ ಎ ಒತ್ತಿ ಎಲ್ಲವನ್ನೂ ಹಿಡಿದು, ಹೊಸ ಫಾಂಟ್ ಕೊಟ್ಟೆ. ನೂರೆಂಬತ್ತು ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಯಿತು.

"ಅಕ್ಕಾ, ಪ್ರಿಂಟ್ ಕೊಡೂಕ್ಕಿಂತ ಮೊದಲ ಒಂದ ಸಲ ನೋಡೂಣೇನ್ರಿ?" ಎಂದಳು ಅವಳು.

"ನೋಡೋಕೇನಿದೆ ಅದರಲ್ಲಿ?" ಎಂದು ಪ್ರಿಂಟ್ ಒತ್ತಿದೆ.

ಸೋಮವಾರ ಬೆಳಿಗ್ಗೆ ವಿದ್ಯಾರ್ಥಿ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಥೀಸಿಸ್, ಮುಖದಲ್ಲಿ ರಕ್ತವಿರಲಿಲ್ಲ.

"ಮೇಡಂ, ನನ್ ಆಡುಗಳನ್ನೆಲ್ಲಾ ಸಾಯಿಸ್ಬಿಟ್ರಲ್ರೀ!"

ಪುಟ ತೆರೆದ. ಪ್ರತಿ ಕೆಜಿ ತೂಕಕ್ಕೆ ಇನ್ನೂರು ಮೈಕ್ರೋಗ್ರಾಂ ಎಂದಿರಬೇಕಾದ ಕಡೆ, ಮ್ಯೂ ಜಾಗದಲ್ಲಿ ಎಮ್ ಕೂತು, ಇನ್ನೂರು ಮಿಲಿಗ್ರಾಂ ಎಂದಿತ್ತು. ಸಾವಿರ ಪಟ್ಟು ಹೆಚ್ಚು. ಗೈಡು ಕೆಂಪು ಇಂಕಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ 'ಆಡು ಬದುಕಿತೆ?' ಎಂದು ಬರೆದಿದ್ದರು. ಮುಂದಿನ ಪುಟದಲ್ಲೂ ಹಾಗೇ. ಆಲ್ಫಾ ಇದ್ದ ಕಡೆ ಬರೀ ಎ, ಬೀಟಾ ಇದ್ದ ಕಡೆ ಬರೀ ಬಿ. ನನಗೆ ತಕ್ಷಣ ಅರ್ಥವಾಯಿತು. ನನ್ನ ಮೂರು ಕೀಯಿಂದ ಆದ ಮ್ಯೂ ನಿಜವಾದ ಮ್ಯೂ ಅಲ್ಲ, ಗ್ರೀಕ್ ವೇಷ ಹಾಕಿ ನಿಂತ ಇಂಗ್ಲಿಷ್ ಎಮ್. ಫಾಂಟ್ ಬದಲಾಯಿಸಿದ ಕೂಡಲೇ ವೇಷ ಕಳಚಿಬಿತ್ತು. ಬದಲಾಯಿಸಿದ ಮಹಾತಾಯಿಯೂ ನಾನೇ.

ಮಾಲೀಕರು ಎದ್ದು ಬಂದು, ನನ್ನ ಕಡೆ ನೋಡದೆ ನೇರವಾಗಿ ಅವಳ ಮೇಲೆ ಹರಿಹಾಯ್ದರು. "ಗೊತ್ತಿಲ್ಲದೇ ಇದ್ರೆ ಮೇಡಮ್ಮನ್ನ ಕೇಳೋದು ತಾನೇ? ಅವರಿಗೆ ಗ್ರೀಕ್ ಬರುತ್ತೆ ಅಂತ ಊರಿಗೆಲ್ಲಾ ಗೊತ್ತು. ಬಂದು ಮೂರು ತಿಂಗಳಾಗಿಲ್ಲ, ಪ್ರೊಡಕ್ಷನ್ನೇ ಹಾಳು ಮಾಡಿಟ್ಯಲ್ಲ!"

ಅವಳು ತಲೆ ತಗ್ಗಿಸಿ ನಿಂತಳು. ನಾನು ಕೀಬೋರ್ಡಿನ ಧೂಳು ಒರೆಸಿದೆ. ಅದಕ್ಕೆ ಆವತ್ತು ಧೂಳು ಬಹಳ ಹತ್ತಿತ್ತು.

ವಿದ್ಯಾರ್ಥಿಯೇ ಕೆಡಿಸಿದ. "ಎಲ್ಲಾ ತಪ್ಪಿಲ್ಲ ಸರ್. ಕೊನೇ ಎರಡು ಚಾಪ್ಟರ್ ಸರಿಯಾಗಿದೆ. ಮೊದಲನೇ ನಾಲ್ಕೇ ಹೋಗಿರೋದು."

ಮಾಲೀಕರು ಜಾಬ್ ಸ್ಲಿಪ್ ತೆಗೆದರು. ಒಂದರಿಂದ ನಾಲ್ಕು ನನ್ನ ಸಹಿ. ಐದು, ಆರು ಅವಳದು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು, ಸಹಿ ಬದಲಾಗಲಿಲ್ಲ. ನನ್ನ ಯಲಹಂಕ ಕಣ್ಣೆದುರೇ ಮುಳುಗುತ್ತಿತ್ತು.

"ಇದು ಹೆಂಗಮ್ಮ? ನಿಂದು ಹೆಂಗೆ ಸರಿಯಾಯ್ತು?" ಎಂದು ಅವಳನ್ನು ಕೇಳಿದರು.

"ಅಕ್ಕಾರು ಹೇಳಿಕೊಟ್ಟಂಗ ಮಾಡೇನ್ರಿ ಸರ್. ಇನ್ಸರ್ಟ್‌ಗೆ ಹೋಗಿ, ಚೌಕದಾಗಿಂದ ಒಂದೊಂದ ತಗದು ಹಾಕೇನಿ. ಅವು ಗಟ್ಟಿ ಕುಂತಾವ್ರಿ, ಏನ ಮಾಡಿದ್ರೂ ಅಲುಗಾಡಂಗಿಲ್ಲ."

ನಾನು ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡೆ. ಮಾಲೀಕರ ಮುಖ ಮಾತ್ರ ನಿಧಾನವಾಗಿ ಅರಳಿತು.

"ನೋಡ್ದೆಯೇನಯ್ಯಾ?" ಎಂದು ವಿದ್ಯಾರ್ಥಿಗೆ ಹೇಳಿದರು, ಅವನಿಗೆ ಇದರಲ್ಲಿ ಏನೂ ಸಂಬಂಧವಿರದಿದ್ದರೂ. "ಮೂವತ್ತು ವರ್ಷ ಫ್ಯಾಕ್ಟರೀಲಿ ನಾನು ಇದನ್ನೇ ಹೇಳಿದ್ದು. ಸೂಪರ್‌ವೈಸರ್ ಕೈಕೆಲಸ ಯಾವತ್ತೂ ಅಷ್ಟಕ್ಕಷ್ಟೇ. ಆದ್ರೆ ಕೆಳಗಿನವರಿಗೆ ಕರೆಕ್ಟಾಗಿ ಹೇಳ್ಕೊಟ್ಟಿರ್ತಾನೆ. ತನ್ನ ಕೆಲಸ ಅವಸರದಲ್ಲಿ ಹೆಂಗೋ ಮಾಡ್ಕೊಂಡ್ರೂ ಜೂನಿಯರಿಗೆ ಗಟ್ಟಿ ಮೆಥಡ್ ಕಲಿಸಿದ್ದಾರೆ ನೋಡು ನಮ್ ಮೇಡಮ್ಮು. ಇನ್‌ಚಾರ್ಜ್ ಅಂದ್ರೆ ಹಿಂಗಿರ್ಬೇಕು." ನನ್ನ ಕಡೆ ತಿರುಗಿ, "ಯಲಹಂಕ ನಿಮ್ದೇ ಕಣಮ್ಮ" ಎಂದರು.

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನನಗೆ ಬಡಿಸಿದ್ದು ಹೋಳಿಗೆ.

ಮಧ್ಯಾಹ್ನದವರೆಗೆ ಇಬ್ಬರೂ ಸೇರಿ ನನ್ನ ನಾಲ್ಕು ಅಧ್ಯಾಯ ಸರಿಮಾಡಿದೆವು. ನಾನೂ ಮೌಸ್ ಹಿಡಿದು ಆ ಚೌಕದೊಳಗೆ ಇಳಿದೆ. ವಿದ್ಯಾರ್ಥಿ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಒಂದೊಂದು ಡೋಸನ್ನೂ ಕೈಬರಹದೊಂದಿಗೆ ತಾಳೆ ನೋಡಿದ. ಎಲ್ಲ ಆಡುಗಳೂ ಬದುಕಿದ ಮೇಲೆ ಅವನು ಹೊಸ ಪ್ರಿಂಟ್ ಹಿಡಿದು ಓಡಿದ. ಮಾಲೀಕರು ಒಳಗಿನ ಕೋಣೆಯಲ್ಲಿ ಯಲಹಂಕದ ಅಂಗಡಿಗೆ ಬೋರ್ಡಿನ ನಮೂನೆ ಬರೆಯುತ್ತಿದ್ದರು.

ನಾವಿಬ್ಬರೇ ಉಳಿದಾಗ ಏನಾದರೂ ಹೇಳಬೇಕೆನಿಸಿತು. ಹಿರಿತನ ಬಿಟ್ಟುಕೊಡದೆ, "ಇನ್ನೊಂದು ಶಾರ್ಟ್‌ಕಟ್ ಇದೆ ಕಣೆ, ಬೇಗ ಆಗುತ್ತೆ. ಹೋಗೋಕೆ ಮುಂಚೆ ತೋರಿಸ್ತೀನಿ" ಎಂದೆ.

"ಮೂರ ಕೀದು ಹೌದಲ್ರಿ?" ಎಂದಳು. "ಅದು ನನಗ ಬಂದ ಮೊದಲನೇ ವಾರದಾಗ ಗೊತ್ತಾಗೇತ್ರಿ ಅಕ್ಕಾ."

"ಹೆಂಗೆ?"

"ನೋಟ್‌ಬುಕ್ ಆಮ್ಯಾಲ ಅಡ್ಡ ಬಂತ್ರಿ, ಸಪ್ಪಳ ಮೊದಲಿಂದನೂ ಕೇಳ್ತಿತ್ತಲ್ರಿ. ಮೂರು ಒಮ್ಮೆಗೇ ಬೀಳ್ತಾವ. ಮನೀಗೆ ಹೋಗುಮುಂದ ನಿಮ್ಮ ಮಷಿನ್ ಬಂದ್ ಮಾಡೂದು ನಾನ ಅಲ್ರಿ? ಒಂದ ದಿನ ಒತ್ತಿ ನೋಡಿದೆ, ಬಂತು."

"ಮತ್ತೆ ಯಾಕೆ ಆ ಉದ್ದದ ದಾರೀಲಿ ಒದ್ದಾಡ್ದೆ? ನನ್ನ ಹತ್ರ ಯಾಕೆ ಕೇಳ್ದೆ?"

ಅವಳು ತನ್ನ ಮೆಷಿನ್ನಿಗೆ ಹೊದಿಕೆ ಹಾಕುತ್ತಿದ್ದಳು. ಕೋಪವಿದ್ದಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು, ಅವಳ ದನಿಯಲ್ಲಿ ಕೋಪವಿರಲಿಲ್ಲ. "ಕದ್ದ ಕಲಿತಂಗ ಅನಿಸ್ತ್ರಿ. ಅದಕ್ಕ ಬಾಯಿ ಬಿಟ್ಟ ಕೇಳಿದೆ. ನೀವು ಬ್ಯಾರೇ ದಾರಿ ಹೇಳಿದ್ರಿ. ಇವತ್ತಿಲ್ಲ ನಾಳೆ ನೀವ ಹೇಳ್ತೀರಿ ಅಂತ ಕಾದೆ."

ನನಗೆ ನಾಚಿಕೆಯಾಯಿತು. ಯಲಹಂಕದ ಕುರ್ಚಿ ಇವಳದು ಎಂಬುದು ನನಗೆ ಅಷ್ಟು ಸ್ಪಷ್ಟವಾಗಿ ಗೊತ್ತಾದದ್ದು ಆಗಲೇ. ಒಳಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಎಂದು ಎದ್ದೆ. ಹತ್ತು ಹೆಜ್ಜೆ ದೂರ. ಬಾಗಿಲಿಗೆ ಹೋಗುವವರೆಗೂ ಹೇಳಬೇಕೆಂದೇ ಇತ್ತು, ಇದನ್ನು ಆಣೆ ಮಾಡಿ ಹೇಳಬಲ್ಲೆ.

ಮಾಲೀಕರು ತಲೆಯೆತ್ತಿ "ಏನಮ್ಮ?" ಎಂದರು.

"ಯಲಹಂಕಕ್ಕೆ ಯಾವತ್ತಿಂದ ಹೋಗ್ಲಿ ಸರ್?" ಎಂದು ಕೇಳಿದೆ.