ಆಟದಿಂದ ಹೊರಬಿದ್ದ ನಗಿನತ

ಉತ್ಸುಗಿ ತಮೆಯೊ ಬರೆದ ಕತ್ತಿಯ ಮೇಲೆ ಕಾಗೆ ಕೂರುತ್ತಿರಲಿಲ್ಲ. ಒಸಾಕಾದ ಸಿನಿಮಾ ಮಂದಿರಗಳಿಗೆ ಅವನು ಜಾಹೀರಾತು ಹಲಗೆಗಳ ಚಿತ್ರ ಬರೆಯುತ್ತಿದ್ದ ಕಾಲದ ಮಾತು ಅದು. ಮೂರು ಮಹಡಿ ಎತ್ತರದ ಸಮುರಾಯಿಯ ಕೈಯಲ್ಲಿ ಆ ಅಲಗು ಹೊಳೆಯುವುದನ್ನು ಕಂಡ ಹಕ್ಕಿಗಳು ಪಕ್ಕದ ಬೀದಿಯಿಂದ ಸುತ್ತಿಕೊಂಡು ಹೋಗುತ್ತಿದ್ದವಂತೆ. ತಿಳಿಯದೆ ಬಂದು ಕೂತ ಒಂದು ಪಾರಿವಾಳ ಉಗುರು ಕತ್ತರಿಸಿಕೊಂಡು ಹೋಯಿತೆಂದೂ ಹೇಳುತ್ತಾರೆ. ಪಾರಿವಾಳವನ್ನು ಕೇಳಿದವರಿಲ್ಲ. ಇಷ್ಟೆಲ್ಲ ಬರೆದರೂ ಹಲಗೆಯ ಮೂಲೆಯಲ್ಲಿ ಬರೆದವನ ಹೆಸರು ಹಾಕುವ ಪದ್ಧತಿ ಇರಲಿಲ್ಲ. ಎರಡು ವಾರಕ್ಕೆ ಸಿನಿಮಾ ಬದಲಾದರೆ ಸಮುರಾಯಿಯ ಮೇಲೆ ಬಿಳಿ ಬಣ್ಣ ಬಳಿದು ಇನ್ನೊಬ್ಬನನ್ನು ಬರೆಯಬೇಕು.

ಅಚ್ಚಿನ ಪೋಸ್ಟರು ಬಂದು ಏಣಿಗೆ ಕೆಲಸವಿಲ್ಲದಂತಾದ ಮೇಲೆ, ಮೂವತ್ತೈದನೆಯ ವಯಸ್ಸಿನಲ್ಲಿ, ಉತ್ಸುಗಿ ವಿಡಿಯೋ ಗೇಮ್ ಮಾಡುವ ಒಂದು ಸಣ್ಣ ಕಂಪನಿ ಸೇರಿದ. ಕೆಳಗೆ ಸ್ಕ್ರೂ ಕಾರ್ಖಾನೆ, ಮೇಲೆ ಇವರು. ಮಹಡಿಯುದ್ದದ ಕತ್ತಿ ಬರೆದವನು ಈಗ ಕಿರುಬೆರಳಿನ ಉಗುರಿನಷ್ಟು ಜಾಗದಲ್ಲಿ, ಚುಕ್ಕೆ ಚುಕ್ಕೆ ಇಟ್ಟು ಕತ್ತಿ ಮಾಡಬೇಕು. ಒಂಬತ್ತು ವರ್ಷದಲ್ಲಿ ಇನ್ನೂರು ಆಯುಧ ಮಾಡಿದ. ಇಲ್ಲೂ ಹೆಸರಿಲ್ಲ. ಒಳ್ಳೆಯ ಕೆಲಸಗಾರನ ಹೆಸರು ಹೊರಗೆ ಗೊತ್ತಾದರೆ ಎದುರಾಳಿ ಕಂಪನಿಯವರು ಹಾರಿಸಿಕೊಂಡು ಹೋಗುತ್ತಾರೆಂದು ಯಜಮಾನರಿಗೆ ಭಯ. ಅದಕ್ಕೇ ಆಟದ ಕೊನೆಯಲ್ಲಿ ಎಲ್ಲರದೂ ಅಡ್ಡಹೆಸರೇ ಬರಬೇಕು. ಉತ್ಸುಗಿಗೆ ಸಿಕ್ಕಿದ್ದು ‘ಒಣಮೀನು.’

"ಒಂಬತ್ತು ವರ್ಷ ಆಯ್ತು," ಎಂದು ಹೆಂಡತಿ ಶಿಗೆಯೊ ಚುಚ್ಚುತ್ತಿದ್ದಳು. "ಪಕ್ಕದ ಮನೆಯವಳು ನಿಮ್ಮೆಜಮಾನ್ರು ಯಾವ ಆಟದಲ್ಲಿದಾರೆ ಅಂತಾಳೆ. ಒಣಮೀನು ಅಂದ್ರೆ ಇವ್ರೇ ಅಂತ ಹೇಳ್ಲಾ? ನಮ್ಮಪ್ಪ ಮದುವೆ ಮಾಡ್ಕೊಟ್ಟಿದ್ದು ಮೀನಿಗಾ?"

ಹಳೆಯ ಕಾಲದ ಕಮ್ಮಾರರು ಕತ್ತಿಯ ಮೇಲೆ ಕಾಣುವಂತೆ ಹೆಸರು ಕೊರೆಯುತ್ತಿರಲಿಲ್ಲ. ಹಿಡಿಯೊಳಗೆ ಹೋಗಿ ಅಡಗುವ ಅಲಗಿನ ಬಾಲದ ಮೇಲೆ ಕೊರೆಯುತ್ತಿದ್ದರು. ಹಿಡಿ ಬಿಚ್ಚಿದರೆ ಮಾತ್ರ ಹೆಸರು. ತೊಂಬತ್ತಮೂರನೆಯ ಇಸವಿಯಲ್ಲಿ ತಯಾರಾಗುತ್ತಿದ್ದ ಆಟಕ್ಕೆ ಉತ್ಸುಗಿ ಒಂದು ನಗಿನತ ಮಾಡಿದ. ಆಳುದ್ದದ ಕೋಲಿನ ತುದಿಗೆ ಬಾಗಿದ ಅಲಗು. ನಲವತ್ತು ದಿನ ಹಿಡಿಯಿತು. ಬೀಸಿದರೆ ಪರದೆಯಿಂದ ಗಾಳಿ ಬಂದು ಮೇಜಿನ ಕಾಗದ ಹಾರುತ್ತಿತ್ತೆಂದು ಅವನೇ ಹೇಳಿಕೊಳ್ಳುತ್ತಿದ್ದ. ಆಟದಲ್ಲಿ ಆ ಕೋಲು ಮುರಿದಾಗ ಅಲಗಿನ ಬಾಲ ರೆಪ್ಪೆ ಮಿಟುಕಿಸುವಷ್ಟು ಹೊತ್ತು ಕಾಣುತ್ತದೆ. ಅದರ ಮೇಲೆ ಉತ್ಸುಗಿ ತನ್ನ ಹೆಸರು ಕೊರೆದ.

ಯಜಮಾನರಿಗೆ ತಿಳಿದರೆ ಕೆಲಸ ಹೋದಂತೆಯೇ. ಹಿಂದಿನ ವರ್ಷ ಸಂಗೀತ ಮಾಡುವವನೊಬ್ಬ ಆಟದ ಗೋಡೆಯೊಂದರಲ್ಲಿ ಹೆಸರು ಬಚ್ಚಿಟ್ಟು ಸಿಕ್ಕಿಬಿದ್ದಿದ್ದ. ಆ ಮಧ್ಯಾಹ್ನವೇ ಅವನ ಆಫೀಸು ಚಪ್ಪಲಿಗಳು ಬಾಗಿಲಾಚೆ ಜೋಡಿಯಾಗಿ ನಿಂತಿದ್ದವು.

ನವೆಂಬರಿನ ಒಂದು ಸೋಮವಾರ ಗೋಡೆಯ ಮೇಲಿನ ಆಯುಧಗಳ ಪಟ್ಟಿಯಲ್ಲಿ ಹದಿನೇಳನೆಯದರ ಮೇಲೆ ಕೆಂಪು ಗೀಟು ಬಿದ್ದಿತ್ತು. ನಗಿನತ. ಕಾರಣ ಬರೆದಿರಲಿಲ್ಲ.

ಉತ್ಸುಗಿ ಅಲ್ಲೇ ನಿಂತು ಲೆಕ್ಕ ಹಾಕಿದ. ಯಾರೋ ನೋಡಿದ್ದಾರೆ. ನೋಡಿ, ಬಾಯಿ ಬಿಡದೆ ಕೈಯಲ್ಲಿಟ್ಟುಕೊಂಡಿದ್ದಾರೆ. ಬೆಳಗ್ಗೆ ಮೆಟ್ಟಿಲಲ್ಲಿ ಯಜಮಾನರು ಎಂದಿಗಿಂತ ಎರಡು ಬೆರಳು ಹೆಚ್ಚು ಬಗ್ಗಿ ನಮಸ್ಕರಿಸಿದ್ದು ಈಗ ನೆನಪಾಯಿತು. ಕಾಫಿ ಯಂತ್ರ ಕೂಡ ಚಿಲ್ಲರೆ ವಾಪಸು ಕೊಟ್ಟಿತ್ತು, ಅದು ಹುಟ್ಟಿದಾಗಿನಿಂದ ಯಾರಿಗೂ ಕೊಟ್ಟದ್ದಲ್ಲ.

ಪಟ್ಟಿ ನೋಡಿಕೊಳ್ಳುವವಳು ಹಟಾನೊ. ಅವಳ ಮೇಜಿಗೆ ಹೋದ.

"ಹಟಾನೊ ಸಾನ್, ಹದಿನೇಳನೇದು ಯಾಕೆ ಹೋಯ್ತು?"

"ಆ ಉದ್ದದ್ದಾ? ತೆಗೀರಿ ಅಂತ ನೋಸೆ ಹೇಳ್ದ, ನಾನು ಗೀಟು ಎಳೆದೆ. ಮುಖ ಯಾಕೆ ಹಾಗಿದೆ? ತಗೊಳ್ಳಿ, ಅಕ್ಕಿ ಹಪ್ಪಳ. ಊರಿಂದ ಬಂತು."

ಒಂಬತ್ತು ವರ್ಷದಲ್ಲಿ ಅವಳು ಒಂದು ಚೂರು ಹಪ್ಪಳ ಕೊಟ್ಟವಳಲ್ಲ. ಉತ್ಸುಗಿ ಅದನ್ನು ಮೂಸಿ, ಕಚ್ಚದೆ ಜೇಬಿಗೆ ಹಾಕಿಕೊಂಡ.

ನೋಸೆ ಪ್ರೋಗ್ರಾಂ ಬರೆಯುವವನು, ಮೂವತ್ತರ ಪ್ರಾಯ. ತೋಫು ಎಂಬ ಸೋಯಾ ಗಡ್ಡೆಯಂಥ ಬಿಳಿ ಮುಖ, ಯಾವ ಕಡೆಯಿಂದ ನೋಡಿದರೂ ಒಳಗೇನಿದೆಯೆಂದು ತಿಳಿಯುವುದಿಲ್ಲ. ಊಟದ ಹೊತ್ತು. ತನ್ನ ಮೇಜಿನಲ್ಲೇ ಬಟ್ಟಲಿನಿಂದ ಉದೋನ್ ಶಾವಿಗೆ ಎಳೆಯುತ್ತಿದ್ದ.

"ನನ್ನ ನಗಿನತ ಏನ್ ಮಾಡಿತ್ತಪ್ಪಾ ನಿಂಗೆ?"

"ನಂಗೇನೂ ಮಾಡ್ಲಿಲ್ಲ. ಆಟ ಪರೀಕ್ಷೆ ಮಾಡೋರು ಚೀಟಿ ಬರ್ದಿದಾರೆ, ನೋಡಿ."

ಚೀಟಿಯಲ್ಲಿತ್ತು: ‘ನಗಿನತ ಮುರಿದಾಗ ಅಲಗಿನ ಬಾಲದ ಮೇಲೆ ಕಸ ಕಾಣುತ್ತದೆ. ಚಿತ್ರ ಕೆಟ್ಟಿರಬೇಕು.’

ಕಸ! ಅಪ್ಪ ಇಟ್ಟ ಹೆಸರು ಸ್ವಾಮಿ ಅದು, ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಉತ್ಸುಗಿ ಅದನ್ನು ಮುಳ್ಳುಸಮೇತ ನುಂಗಿದ.

"ಹತ್ತು ನಿಮಿಷದ ಕೆಲ್ಸ, ಉತ್ಸುಗಿ ಸಾನ್. ಆ ಚುಕ್ಕೆ ಅಳಿಸ್ಕೊಡಿ, ನಗಿನತ ವಾಪಸ್ ಬರತ್ತೆ."

"ಅಳಿಸ್ದೇ ಇದ್ರೆ?"

"ನಾಳೆ ಎಲ್ಲಾ ಚಿಪ್‌ಗೆ ಹೋಗತ್ತೆ. ನಗಿನತ ಇದ್ದಲ್ಲೇ ಇರತ್ತೆ. ಬಾಗ್ಲು ಮಾತ್ರ ಹಾಕಿಬಿಡ್ತೀನಿ, ಆಡೋರ ಕೈಗೆ ಸಿಗಲ್ಲ."

"ಇದ್ದಲ್ಲೇ ಇರತ್ತಾ? ಕಿತ್ತು ಬಿಸಾಕಲ್ವಾ?"

"ಕಿತ್ರೆ ಅದರ ಹಿಂದೆ ಇರೋದೆಲ್ಲಾ ಜಾರತ್ತೆ. ಮತ್ತೆ ಮೊದಲಿಂದ ಪರೀಕ್ಷೆ. ಅಷ್ಟು ಆಯಸ್ಸು ಯಾರಿಗಿದೆ? ಮದುವೇಲಿ ಕುಡಿದು ಕೂಗಾಡೋ ಮಾವನ್ನ ಒಳಗೆ ಕೂರ್ಸಿ ಚಿಲಕ ಹಾಕಲ್ವಾ? ಹಾಗೆ."

ಉತ್ಸುಗಿ ಯೋಚಿಸಿದ. ಹೆಸರು ಅಳಿಸಿದರೆ ಅವನ ಜೀವಮಾನದ ಒಳ್ಳೆಯ ಆಯುಧ ಆಟ ಕೊಳ್ಳುವ ಮೂರು ಲಕ್ಷ ಮನೆಗಳಲ್ಲಿ ಝಳಪಿಸುತ್ತದೆ, ಒಣಮೀನಿನ ಹೆಸರಿನಲ್ಲಿ. ಅಳಿಸದಿದ್ದರೆ ನಗಿನತವನ್ನು ಯಾರೂ ಕಾಣುವುದಿಲ್ಲ, ಆದರೆ ಮೂರು ಲಕ್ಷ ಮನೆಗಳ ಕತ್ತಲೆಯಲ್ಲಿ ಉತ್ಸುಗಿ ಎಂದು ಬರೆದಿರುತ್ತದೆ. ಒಬ್ಬ ಬಾಗಿಲು ತೆರೆದರೂ ಸಾಕು, ಚಪ್ಪಲಿ ಹೊರಗೆ. ಈ ತೋಫು ಮುಖದವನಿಗೆ ಯಾವುದು ಬೇಕಾಗಿದೆ? ಬಲೆ ಯಾವ ಕಡೆ?

"ನೋಸೆ, ಆ ಕಸಾನ ದೊಡ್ಡದು ಮಾಡಿ ನೋಡಿದ್ಯಾ?"

"ನನ್ನ ಕೆಲ್ಸ ಬಾಗ್ಲು ಹಾಕೋದು. ಕಿಂಡೀಲಿ ಇಣುಕೋದಲ್ಲ."

ಉತ್ತರ ಬಹಳ ಬೇಗ ಬಂತು. ಮೊದಲೇ ಬೇಯಿಸಿಟ್ಟ ಹಾಗಿತ್ತು.

ಉತ್ಸುಗಿ ತನ್ನ ಮೇಜಿಗೆ ಹೋಗಿ ಚಿತ್ರ ತೆರೆದ. ಹೆಸರಿನ ಮೊದಲ ಚುಕ್ಕೆ ಅಳಿಸಿದ. ಸ್ವಲ್ಪ ಹೊತ್ತು ನೋಡಿದ. ಹಲಗೆಗಳ ಮೇಲೆ ಬಳಿದ ಬಿಳಿ ಬಣ್ಣದ ವಾಸನೆ ಮೂಗಿಗೆ ಬಡಿದಂತಾಯಿತು. ಚುಕ್ಕೆಯನ್ನು ಮತ್ತೆ ಇದ್ದಲ್ಲೇ ಇಟ್ಟು ಎದ್ದು ಬಂದ.

"ಹೋಗ್ತಿಲ್ಲ ಕಣೋ. ಕಸ ಆಳಕ್ಕೆ ಇಳಿದಿದೆ. ಬಾಗ್ಲು ಹಾಕ್ಬಿಡು."

ನೋಸೆ ಆ ದಿನ ಮೊದಲ ಸಲ ಅವನ ಮುಖ ನೋಡಿದ. "ಒಳ್ಳೇ ಆಯುಧ. ಯಾರ ಕೈಗೂ ಸಿಗಲ್ಲ ಆಮೇಲೆ."

"ಬೇಡ ಬಿಡು."

"ನಿಮ್ಮಿಷ್ಟ. ಇನ್ನೊಬ್ರು ಬಂದ್ರೆ ಒಳಗೆ ಇಕ್ಕಟ್ಟೇನೂ ಆಗಲ್ಲ."

"ಇನ್ನೊಬ್ರು ಅಂದ್ರೆ? ಈಗಾಗ್ಲೇ ಯಾರಿದಾರೋ ಒಳಗೆ?"

ನೋಸೆ ಸಾರು ಕುಡಿಯಲು ಬಟ್ಟಲೆತ್ತಿದ. ಬಟ್ಟಲು ಮುಖವನ್ನು ಪೂರ್ತಿ ಮುಚ್ಚಿತು. ಉತ್ಸುಗಿ ನಿಂತೇ ಇದ್ದ. ಅಷ್ಟು ಹೊತ್ತಿಗೆ ಊರ ಹೊಳೆಯನ್ನೇ ಕುಡಿದು ಮುಗಿಸಬಹುದಿತ್ತು. ಬಟ್ಟಲು ಮಾತ್ರ ಇಳಿಯಲಿಲ್ಲ.

ಆಮೇಲೆ ಹನ್ನೊಂದು ವರ್ಷ ಉತ್ಸುಗಿ ಅಲ್ಲೇ ದುಡಿದ. ಯಾರೂ ಏನೂ ಕೇಳಲಿಲ್ಲ. ಅದೇ ಅವನಿಗೆ ಅನುಮಾನ. ಕಂಪನಿಯ ಹೊಸ ಆಟ ಬಂದಾಗಲೆಲ್ಲ ಅದರ ಚಿಪ್ಪಿನ ಡಬ್ಬಿಯೊಂದನ್ನು ಕೊಂಡು ತಂದು, ಹೆಂಡತಿಯ ಎದುರೇ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದ, ಒಳಗೆ ಚಿಲಕ ಹಾಕಿ ಕೂರಿಸಿದ ಯಾರಾದರೂ ಕೆಮ್ಮುತ್ತಾರೇನೋ ಎಂದು.