ಲಾಳ ಹೊಡೆಸಿದ ಫಟಫಟಿ

ಗೆಳೆಯರೇ, ಎದೆಯುಬ್ಬಿಸಿ ಹೇಳುತ್ತಿದ್ದೇನೆ: ಇವತ್ತು ಗೋಕಾಕದ ಟೈರಿನ ಅಂಗಡಿಯಲ್ಲಿ ನಮ್ಮ ಕಾಕಾರನ್ನು ಮಾತಿನಲ್ಲಿ ಗೆದ್ದೆ. ಹುಕ್ಕೇರಿ ಸಂತೆಯಲ್ಲಿ ಹಲ್ಲು ನೋಡಿಯೇ ಎತ್ತಿನ ವಯಸ್ಸು ಹೇಳುವ ಕಾಕಾ, ನನ್ನ ಫಟಫಟಿಯ ಟೈರನ್ನೂ ತಾವೇ ಆರಿಸಬೇಕೆಂದು ನಮ್ಮೂರು ಮೇಲವಂಕಿಯಿಂದ ಬೈಕಿನ ಹಿಂದೆ ಕುಳಿತು ಬಂದಿದ್ದರು.

ನಾನು ಸಣ್ಣ ಗೆರೆಗಳ ಟೈರಿಗೆ ಕೈ ಹಾಕಿದ್ದೇ ತಡ, ಮುಖ ಸಿಂಡರಿಸಿದರು.

"ಥೂ, ಇದಕ್ಕ ಹಲ್ಲೇ ಇಲ್ಲ! ಮುದಿ ಎತ್ತು ಕೊಳ್ಳಾಕ ಬಂದೀ ಏನ? ಅಲ್ಲಿ ನೋಡು, ಅದರ ಹಲ್ಲು ಹೆಂಗ ಅದಾವ!"

ಅವರು ತೋರಿಸಿದ್ದು ಕೆಸರಿನಲ್ಲಿ ಓಡಿಸುವ ದಪ್ಪ ಹಲ್ಲಿನ ಟೈರು. ನಾನು ಓಡಾಡುವುದೋ ಹುಕ್ಕೇರಿ, ಬೆಳಗಾವಿ, ಅದರಾಚೆಗೂ. ಎಲ್ಲ ಡಾಂಬರು ರಸ್ತೆ. ಡಾಂಬರಿನ ಮೇಲೆ ಆ ಹಲ್ಲು ಗಾಡಿಯನ್ನು ಗಡಗಡ ನಡುಗಿಸುತ್ತದೆ, ತಿರುವಿನಲ್ಲಿ ಜಾರಿಸುತ್ತದೆ. ಹಾಗೆಂದರೆ ಕಾಕಾ ಕೇಳುವವರೇ?

"ಕಾಕಾ, ಹೊಲದಾಗ ದುಡಿಯೋ ಎತ್ತಿಗೆ ಲಾಳ ಹೊಡಸ್ತೀರೇನ್ರಿ?" ಎಂದೆ.

"ಅದಕ್ಕ್ಯಾಕ? ಚಕ್ಕಡಿ ಹೂಡಿ ರಸ್ತಾದಾಗ ದೂರ ಹೋಗೂ ಎತ್ತಿಗೆ ಹೊಡಸೂದು."

"ಆ ಲಾಳಕ್ಕ ಹಲ್ಲು ಇರತಾವೇನ್ರಿ?"

ಕಾಕಾ ನನ್ನ ಟೈರನ್ನು ಇನ್ನೊಮ್ಮೆ ತಡವಿದರು. "ಸಪಾಟ ಇರತೈತಿ," ಎಂದರು, ಮೆಲ್ಲಗೆ.

ಗೆರೆಯ ಟೈರು ಹಾಕಿಸಿಕೊಂಡು ಊರಿಗೆ ಬಂದೆವು. ಗಾಡಿ ನಿಲ್ಲುವ ಮೊದಲೇ ಕಾಕಾ ಇಳಿದು ಕಟ್ಟೆಯ ಮೇಲಿದ್ದವರಿಗೆ ಸಾರಿದರು:

"ಫಟಫಟಿಗೆ ಲಾಳ ಹೊಡಿಸಿಕೊಂಡು ಬಂದೇನಿ, ನೋಡ ಬರ್ರಿ! ಹುಡುಗ ಹಲ್ಲಿಂದು ಬೇಕು ಅಂತಿದ್ದ, ನಾನೇ ಬ್ಯಾಡ ಅಂದೆ."

ಗಾಡಿ ನನ್ನ ಹೆಸರಿನಲ್ಲಿದೆ. ಟೈರು ಮಾತ್ರ ಇವತ್ತು ಕಾಕಾರ ಹೆಸರಿಗೆ ನೋಂದಣಿಯಾಯಿತು.